ಗೋಡೆಯ ಕೆಳಗಿನ ಸ್ಟೂಲು

ನಮ್ಮ ಕೋಣೆಯ ಬಾಗಿಲು ಮೊದಲ ಸಲ ಸಿಕ್ಕಿಕೊಂಡಿದ್ದು ಒಂದು ಸೋಮವಾರ ಬೆಳಿಗ್ಗೆ. ಕೊಡ ಸೊಂಟಕ್ಕಿಟ್ಟುಕೊಂಡು ನಲ್ಲಿಗೆ ಹೊರಟಿದ್ದೆ. ಬಾಗಿಲು ಎಳೆದೆ, ಬರಲಿಲ್ಲ. ಕೊಡ ಕೆಳಗಿಟ್ಟು ಎರಡೂ ಕೈಯಲ್ಲಿ ಜಗ್ಗಿದಾಗ ಕಿರ್ರೆಂದು ಬಂತು. ಹಳೇ ಮರ, ಥಂಡಿಗೆ ಊದಿಕೊಂಡಿರಬೇಕು ಎಂದು ನಮ್ಮನೆಯವರು ಬಡಗಿಯ ಹತ್ತಿರ ಉಜ್ಜುಗೊರಡು ಈಸಿಕೊಂಡು ಬಂದು ಮೇಲಂಚನ್ನು ಒಂದಿಷ್ಟು ಹೆರೆದರು. ಗುರುವಾರ ಮತ್ತೆ ಸಿಕ್ಕಿಕೊಂಡಿತು. ಮತ್ತೆ ಹೆರೆದರು. ಮುಂದಿನ ಸೋಮವಾರ ಮೂರನೆಯ ಸಲ. ಆಗ ಅವರು ಉಜ್ಜುಗೊರಡನ್ನು ಕೆಳಗಿಟ್ಟು, ಬಾಗಿಲನ್ನು ಬಿಟ್ಟು ಹಿಂದಿನ ಗೋಡೆಯನ್ನು ನೋಡುತ್ತಾ ನಿಂತರು.

"ಬಾಗ್ಲು ಊದಿಲ್ಲ ಕಣೇ. ಚೌಕಟ್ಟೇ ವಾಲಿದೆ," ಅಂದರು.

ಆ ಹಿಂದಿನ ಗೋಡೆ ನಮ್ಮದಲ್ಲ, ಪಟದ ಬಂಗಲೆಯದು. ಕಾಗದದಲ್ಲಿ ಅದಕ್ಕೆ ಮ್ಯೂಸಿಯಂ ಎಂದು ಹೆಸರು. ನೂರೈವತ್ತು ವರ್ಷದ ಕಟ್ಟಡ, ಮೂರು ಅಂತಸ್ತು, ಒಂದೊಂದು ಗೋಡೆಯೂ ಒಂದು ಮೊಳ ದಪ್ಪ, ಎಲ್ಲ ಸುಣ್ಣದ ಗಾರೆ. ಒಳಗಿರುವ ಪಟಗಳನ್ನು ನೋಡುವುದಕ್ಕೆ ಸಮುದ್ರ ದಾಟಿ ಜನ ಬರುತ್ತಾರೆ. ಇರುವ ಜಾಗ ಸಾಲದೆಂದು ಪೂರ್ವದ ಗೋಡೆಯ ಪಕ್ಕದಲ್ಲೇ ಹೊಸ ಕಟ್ಟಡ ಏಳುತ್ತಿದೆ. ನೆಲದ ಕೆಳಗೆ ಮೂರು ಅಂತಸ್ತು, ಮೇಲೆ ಬರೀ ಗಾಜು. ಅದರ ಮಾದರಿಯನ್ನು ಮುಂಬಾಗಿಲಲ್ಲಿ ಪೆಟ್ಟಿಗೆಯೊಳಗೆ ಇಟ್ಟಿದ್ದಾರೆ. ಸ್ಪಂಜಿನ ಮರಗಳು, ಹೆಬ್ಬೆರಳುದ್ದದ ಬಿಳೀ ಜನ. ನಮ್ಮ ಕೋಣೆಗಳಿರುವ ಜಾಗದಲ್ಲಿ ಹಸಿರು ಬಣ್ಣ ಬಳಿದು ಹುಲ್ಲು ಮಾಡಿದ್ದಾರೆ.

ನಮ್ಮ ಕೋಣೆಗಳು ಅಂದರೆ ಹಿಂದಿನ ಕಾಲದ ಕುದುರೆ ಲಾಯ. ಪೂರ್ವದ ಗೋಡೆಗೆ ಆತುಕೊಂಡು ಹನ್ನೊಂದು ಕೋಣೆ, ಹನ್ನೊಂದು ಸಂಸಾರ. ಬಾಗಿಲು ದಾಟಿ ಇಪ್ಪತ್ತು ಹೆಜ್ಜೆ ನಡೆದರೆ ಹೊಸ ಕಟ್ಟಡಕ್ಕೆ ತೋಡಿದ ಗುಂಡಿ. ಬಗ್ಗಿ ನೋಡಿದರೆ ಕೆಳಗೆ ಕಂಬಿ ಕಟ್ಟುವವರು ಇರುವೆಗಳ ಹಾಗೆ ಕಾಣುತ್ತಾರೆ. ಅವರಲ್ಲಿ ನನ್ನ ಮಗನೂ ಒಬ್ಬ. ಬೇರೆ ಕಡೆ ಮನೆ ಮಾಡಿಕೊಂಡರೆ ಕೆಲಸವಿಲ್ಲ, ಜಾಗದಲ್ಲೇ ಇರಬೇಕು ಎನ್ನುವುದು ಮೇಸ್ತ್ರಿಯ ಷರತ್ತು. ದೂರದಿಂದ ಬಂದವರು ನಾವು. ಇಲ್ಲಿ ಬಿಟ್ಟರೆ ಯಾವ ಬಾಗಿಲು ತಟ್ಟಬೇಕು ಎಂದು ಗೊತ್ತಿರಲಿಲ್ಲ.

ಸುಣ್ಣ ನೆನೆಸಿ, ಸೋಸಿ, ಮರಳು ಇಟ್ಟಿಗೆ ಪುಡಿ ಹಾಕಿ ಕಲೆಸುವುದು ನನ್ನ ಕೆಲಸ. ಬೆರಳ ಸಂದಿನಲ್ಲಿ ಚರ್ಮ ನಿಲ್ಲುವುದಿಲ್ಲ. ಊಟಕ್ಕೆ ಕೂತಾಗ ಉಪ್ಪು ತಗುಲಿದರೆ ಪ್ರಾಣ ಹೋಗಿ ಬರುತ್ತದೆ. ನಾನು ಕಲೆಸಿದ್ದನ್ನು ಗೋಡೆಗೆ ಬಳಿಯುವವರು ನಮ್ಮನೆಯವರು. ಸಿಮೆಂಟು ಬಳಿಯುವವರನ್ನು ಕರೆದರೆ ಸಾವಿರ ಜನ ಬರುತ್ತಾರೆ. ಸುಣ್ಣದ ಗಾರೆ ಬಲ್ಲವರು ಬೆರಳೆಣಿಕೆಯಷ್ಟು. ಹಳೆಯ ಗೋಡೆಗೆ ಹಳೆಯ ಕೈಯೇ ಬೇಕೆಂದು ಹುಡುಕಿಕೊಂಡು ಬಂದು ಕರೆದಿದ್ದರು. ಆ ಹೆಮ್ಮೆ ಅವರಿಗೆ ಬಹಳವಿತ್ತು. ಹೊಗಳಿದರೆ ಕರಗುವ ಮನುಷ್ಯ. ಮೂವತ್ತು ವರ್ಷ ಸಂಸಾರ ಮಾಡಿದ್ದೇನೆ, ಗೊತ್ತು ನನಗೆ.

ಗೋಡೆ ನಿಂತಿದೆಯೋ ನಡೆಯುತ್ತಿದೆಯೋ ಎಂದು ನೋಡುವುದಕ್ಕೆ ಗಾರೆಯವರಲ್ಲಿ ಒಂದು ಹಳೆಯ ಉಪಾಯವಿದೆ. ಬಿರುಕಿಗೆ ಅಡ್ಡಲಾಗಿ ಬೆರಳಗಲದ ಗಾಜಿನ ಪಟ್ಟಿ ಇಟ್ಟು, ಎರಡು ತುದಿಯನ್ನೂ ಗಾರೆಯಲ್ಲಿ ಕೂರಿಸಿ, ಪಕ್ಕದಲ್ಲಿ ತಾರೀಖು ಬರೆಯುತ್ತಾರೆ. ಗೋಡೆ ಕದಲದಿದ್ದರೆ ಗಾಜು ಹಾಗೇ ಇರುತ್ತದೆ. ಕೂದಲೆಳೆಯಷ್ಟು ಸರಿದರೂ ಗಾಜು ಟಪ್ಪೆಂದು ಎರಡಾಗುತ್ತದೆ. ಅವತ್ತು ನಮ್ಮ ಕೋಣೆಯ ಹಿಂದಿನ ಗೋಡೆಯಲ್ಲಿ ನೂಲಿನಂಥ ಬಿರುಕೊಂದು ಸಿಕ್ಕಿತು. ಕೆಳಗೆ ನೆಲದಿಂದ ಹೊರಟು ಸೂರಿನೊಳಗೆ ಹೊಕ್ಕಿತ್ತು. ನಮ್ಮನೆಯವರು ಗಾಜು ಕೂರಿಸಿದರು. ಬಂಗಲೆಯ ಒಳಗೂ ಅದೇ ಬಿರುಕಿನ ಮೇಲೆ ಇಂಜಿನಿಯರು ಆಗಲೇ ನಾಲ್ಕು ಗಾಜು ಕೂರಿಸಿದ್ದನಂತೆ.

ಮೂರನೆಯ ದಿನ ಬೆಳಿಗ್ಗೆ ನಮ್ಮ ಗಾಜು ಒಡೆದಿತ್ತು. ಇನ್ನೊಂದು ಕೂರಿಸಿದರು. ಅದು ಎರಡೇ ದಿನಕ್ಕೆ ಒಡೆಯಿತು.

ಆಮೇಲೆ ಒಂದೊಂದೇ ಕಣ್ಣಿಗೆ ಬೀಳತೊಡಗಿತು. ಬೆಳಿಗ್ಗೆ ಎದ್ದರೆ ಮುಚ್ಚಿಟ್ಟ ಪಾತ್ರೆಯ ಮೇಲೆ ಬೆರಳಲ್ಲಿ ಗೆರೆ ಎಳೆಯುವಷ್ಟು ಸುಣ್ಣದ ಧೂಳು. ಮಗು ಮೀಯಿಸುವ ಬೋಗುಣಿಯಲ್ಲಿ ನೀರು ಗುಂಡಿಯ ಕಡೆಯ ಅಂಚಿಗೆ ತುಂಬಿ ನಿಂತು, ಗೋಡೆಯ ಕಡೆ ಎರಡು ಬೆರಳು ಕಡಿಮೆ. ಕೊನೆಯ ಕೋಣೆಯಲ್ಲಿ ಮರಿ ಹಾಕಿದ್ದ ಬೆಕ್ಕು ಒಂದು ಮಧ್ಯಾಹ್ನ ನಾಲ್ಕು ಮರಿಯನ್ನೂ ಕಚ್ಚಿಕೊಂಡು ಹೊರಟುಹೋಯಿತು. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಅನ್ನುತ್ತಾರೆ, ಹಾಗೇ ಇರಬೇಕೆಂದು ನಾವು ನಕ್ಕೆವು. ನನ್ನ ಸೊಸೆ ನಗಲಿಲ್ಲ. ಅವಳ ಮಗುವಿಗೆ ಆಗ ನಲವತ್ತು ದಿನ. ಅದನ್ನು ಅವಳು ಹಿಂದಿನ ಗೋಡೆಯ ಪಕ್ಕದಿಂದ ಎತ್ತಿ ಬಾಗಿಲ ಬಳಿ ಮಲಗಿಸಲು ಶುರುಮಾಡಿದಳು.

"ಅತ್ತೇ, ಗೋಡೆಗೆ ಕಿವಿ ಕೊಟ್ಟು ನೋಡಿ. ಒಳಗೆ ಯಾರೋ ಹಲ್ಲು ಕಡೀತಾರೆ," ಅಂದಳು ಒಂದು ದಿನ.

ಬಾಣಂತಿಯ ಭ್ರಮೆ ಎಂದು ಬೈದೆ. ಅವಳು ನೀರಿಗೆ ಹೋದ ಮೇಲೆ ಕಿವಿ ಕೊಟ್ಟು ನೋಡಿದೆ. ನನಗೂ ಕೇಳಿಸಿತು.

ನಮ್ಮನೆಯವರು ಮೇಸ್ತ್ರಿಯ ಹತ್ತಿರ ಹೋಗಿ ಒಡೆದ ಗಾಜಿನ ಚೂರುಗಳನ್ನು ಅವನ ಮೇಜಿನ ಮೇಲಿಟ್ಟರು. ಹನ್ನೊಂದು ಸಂಸಾರವನ್ನೂ ಅಲ್ಲಿಂದ ಎಬ್ಬಿಸಬೇಕು, ಇಲ್ಲದಿದ್ದರೆ ನಾನು ಇಲಾಖೆಗೆ ಹೋಗಿ ಹೇಳುತ್ತೇನೆ ಎಂದರಂತೆ. ಮೇಸ್ತ್ರಿ ಕೂಗಾಡುತ್ತಾನೆ ಎಂದುಕೊಂಡು ಹೋದವರಿಗೆ ಅವನು ಕುರ್ಚಿ ಹಾಕಿ ಕೂರಿಸಿದ. ಚಹಾ ತರಿಸಿದ. ಮೂಗಿಗೆ ತುಪ್ಪ ಸವರುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಬುಧವಾರ ತಪಾಸಣೆಗೆ ಅಧಿಕಾರಿ ಬರುತ್ತಾರೆ, ಅವರು ಈ ಬಿರುಕು ನೋಡಿದರೆ ಕೆಲಸವೇ ನಿಲ್ಲುತ್ತದೆ, ಇನ್ನೂರು ಜನ ಬೀದಿಗೆ ಬೀಳುತ್ತಾರೆ, ನೀವು ಒಂದು ಸಲ ಮುಚ್ಚಿಕೊಡಿ, ಸಹಿ ಬಿದ್ದ ಮರುದಿನವೇ ಮುಂಬಾಗಿಲ ಪಕ್ಕ ಹೊಸ ಶೆಡ್ಡು ಹಾಕಿಸಿ ಹನ್ನೊಂದು ಸಂಸಾರವನ್ನೂ ಸಾಗಿಸುತ್ತೇನೆ ಎಂದ. ಕೊನೆಗೆ ಎದ್ದು ಇವರ ಹೆಗಲ ಮೇಲೆ ಕೈ ಹಾಕಿ, "ಯಜಮಾನ್ರೇ, ಈ ಕೆಲ್ಸ ನಿಮ್ಮನ್ನ ಬಿಟ್ರೆ ಬೇರೆಯವರ ಕೈಯಲ್ಲಿ ಆಗೋದಲ್ಲ," ಎಂದನಂತೆ. ಮುಗಿಯಿತಲ್ಲ. ಮನುಷ್ಯ ಕರಗಿ ನೀರಾಗಿ ಬಂದರು.

ನಾನು ಬೇಡವೆಂದೆ. ಶೆಡ್ಡು ಮೊದಲು ಹಾಕಿಸಲಿ, ಗಾರೆ ಆಮೇಲೆ ಎಂದೆ. ಬಾಯಿ ಬಡಿದುಕೊಂಡು ಹೇಳಬೇಕಿತ್ತು, ಅಷ್ಟು ಗಟ್ಟಿಯಾಗಿ ಹೇಳಲಿಲ್ಲ. ಆ ತಪ್ಪು ನನ್ನದು. ಶೆಡ್ಡು ಸಿಗುತ್ತದೆ, ಮಗುವಿಗೆ ನೆಟ್ಟಗಿರುವ ನೆಲ ಸಿಗುತ್ತದೆ ಎಂಬ ಆಸೆ ನನಗೂ ಇತ್ತು.

ಮೂರು ದಿನ ಮಾಡಿದರು. ಒಳಗೆ ಪಟಗಳ ಹಜಾರದಲ್ಲಿ, ಹೊರಗೆ ನಮ್ಮ ಕೋಣೆಗಳಲ್ಲಿ. ಗಾಜುಗಳನ್ನೆಲ್ಲ ಕಿತ್ತರು. ಬಿರುಕಿನ ಬಾಯಿಗೆ ಗಾರೆ ತುಂಬಿ, ಮೇಲೆ ಮೂರು ಕೈ ಬಳಿದು, ನುಣುಪು ಕಲ್ಲಿನಲ್ಲಿ ಉಜ್ಜಿದರು. ಹೊಸ ಗಾರೆ ಬೆಳ್ಳಗೆ ಎದ್ದು ಕಾಣಬಾರದೆಂದು ನನ್ನ ಕೈಲಿ ಗಟ್ಟಿ ಚಹಾ ಕಾಸಿಸಿ, ಮಸಿ ಬೆರೆಸಿ, ಬಟ್ಟೆಯಲ್ಲಿ ಅದ್ದಿ ಅದ್ದಿ ಒತ್ತಿದರು. ಕೆಟ್ಟದಾಗಿ ಮಾಡು ಎಂದರೆ ಅವರಿಗೆ ಬರುವುದಿಲ್ಲ. ಒಂದಿಷ್ಟು ಗುರುತು ಬಿಡೋಣ ಎನ್ನುವ ಯೋಚನೆ ಅವರ ತಲೆಗೆ ಬರಲಿಲ್ಲ, ನನಗೂ ಬರಲಿಲ್ಲ. ಮೂರನೆಯ ದಿನ ಸಂಜೆ ನಾನೇ ಗೋಡೆಯ ಮೇಲೆ ಕೈಯಾಡಿಸಿ ಹುಡುಕಿದೆ. ಬಿರುಕು ಎಲ್ಲಿತ್ತು ಎಂದು ಗೊತ್ತಾಗಲಿಲ್ಲ.

ಬುಧವಾರ ಅಧಿಕಾರಿ ಬಂದ. ಹಿಂದೆ ಇಂಜಿನಿಯರು, ಮೇಸ್ತ್ರಿ. ಅಧಿಕಾರಿ ನಮ್ಮ ಕೋಣೆಯ ಗೋಡೆಯನ್ನು ಬೆರಳ ಗೆಣ್ಣಿನಿಂದ ಕುಟ್ಟಿ, ಬಿರುಕೇನಾದರೂ ಇದೆಯೇ ಎಂದು ಕೇಳಿದ. ಮೇಸ್ತ್ರಿ ನಕ್ಕ. ಇಂಜಿನಿಯರು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ಸದ್ಯಕ್ಕೆ ಹಾಗೇನೂ ಕಾಣುವುದಿಲ್ಲ ಎಂದ. ಗೋಡೆ ಚೆನ್ನಾಗಿದೆ, ಹಳೆಯವರು ಕಟ್ಟಿದ್ದು ಹೀಗೇ ಎಂದು ಅಧಿಕಾರಿ ಮೆಚ್ಚಿಕೊಂಡು ಸಹಿ ಹಾಕಿದ. ನಮ್ಮನೆಯವರು ಮೂಲೆಯಲ್ಲಿ ಕೈ ಕಟ್ಟಿ ನಿಂತಿದ್ದರು. ಮುಖದಲ್ಲಿ ಒಂದು ಕ್ಷಣ ಹೆಮ್ಮೆ ಮೂಡಿದ್ದನ್ನು ನಾನು ನೋಡಿದೆ. 

ಗುರುವಾರ ಶೆಡ್ಡಿನ ಸುದ್ದಿಯಿಲ್ಲ. ಶುಕ್ರವಾರವೂ ಇಲ್ಲ. ಶನಿವಾರ ನಾವಿಬ್ಬರೂ ಹೋಗಿ ಕೇಳಿದೆವು. ಈ ಸಲ ಕುರ್ಚಿಯೂ ಇಲ್ಲ, ಚಹಾವೂ ಇಲ್ಲ. ಮೇಸ್ತ್ರಿ ಕಾಗದ ತೆಗೆದು ಮುಂದೆ ಹಿಡಿದ.

"ನೋಡಯ್ಯಾ, ಗೋಡೆಯಲ್ಲಿ ಬಿರುಕಿಲ್ಲ ಅಂತ ಅಧಿಕಾರಿಗಳೇ ಸಹಿ ಮಾಡಿದ್ದಾರೆ. ಬಿರುಕೇ ಇಲ್ಲ ಅಂದ್ಮೇಲೆ ನಿಮ್ಮನ್ನ ಯಾಕೆ ಎಬ್ಬಿಸ್ಬೇಕು?"

 ಬಿರುಕು ಇದೆ ಎಂದು ಹೇಳಿದರೆ ಮುಚ್ಚಿದವನು ನೀನೇ ತಾನೇ ಎನ್ನುತ್ತಾರೆ. ಇಲ್ಲ ಎಂದರೆ ಅಲ್ಲೇ ಇರಬೇಕು. ನಮ್ಮನೆಯವರು ತಮ್ಮ ಕಾಲ ಮೇಲೆ ತಾವೇ ಕಲ್ಲು ಎತ್ತಿಹಾಕಿಕೊಂಡ ಹಾಗಾಗಿತ್ತು. ಅದೂ ಸಾಮಾನ್ಯ ಕಲ್ಲಲ್ಲ, ನುಣ್ಣಗೆ ಉಜ್ಜಿದ್ದು. ಮತ್ತೆ ಗಾಜು ಕೂರಿಸಿ ತೋರಿಸೋಣ ಎಂದೆ. ಗಾರೆಯ ಮೇಲೆ ಗಾಜು ಕೂರಿಸಿ ಪ್ರಯೋಜನವಿಲ್ಲ ಎಂದರು. ಇವರು ಉಜ್ಜಿದ ಮೇಲ್ಪದರ ಬಿಡಿಸಿಕೊಂಡು ತನ್ನ ಪಾಡಿಗೆ ನೆಟ್ಟಗೆ ನಿಂತಿರುತ್ತದೆ, ಒಳಗೆ ಗೋಡೆ ತನ್ನ ಪಾಡಿಗೆ ನಡೆಯುತ್ತದೆ.

ಅದೇ ಶನಿವಾರ ಮಧ್ಯಾಹ್ನ ಸ್ಟೂಲಿನಕ್ಕ ಬಂದಳು. ಪಟಗಳ ಹಜಾರದಲ್ಲಿ ದಿನವಿಡೀ ಸ್ಟೂಲಿನ ಮೇಲೆ ಕೂತು, ಮುಟ್ಟಬೇಡಿ, ದೂರ ನಿಲ್ಲಿ ಎಂದು ಹೇಳುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷದಿಂದ ಅದೇ ಸ್ಟೂಲು, ಅದೇ ಎರಡು ಮಾತು. ಮಧ್ಯಾಹ್ನ ಬುತ್ತಿ ತಿನ್ನುವುದಕ್ಕೆ ನಮ್ಮ ಬಾಗಿಲಿಗೆ ಬಂದು ಕೂರುತ್ತಿದ್ದಳು. ಅವತ್ತು ಸ್ಟೂಲನ್ನೂ ಹೊತ್ತುಕೊಂಡು ಬಂದಿದ್ದಳು.

ಏನಕ್ಕ, ಕೆಲಸದಿಂದ ತೆಗೆದರಾ ಎಂದೆ. ಇಲ್ಲ, ಜಾಗ ಬದಲಾಯಿಸಿದ್ದಾರೆ ಎಂದಳು. ಪೂರ್ವದ ಹಜಾರದಲ್ಲಿದ್ದ ನಲವತ್ತೆರಡು ಪಟಗಳನ್ನೂ ಎರಡು ದಿನದಿಂದ ಇಳಿಸುತ್ತಿದ್ದಾರಂತೆ. ಬಿಳೀ ಕೈಗವಸು ಹಾಕಿದ ಜನ, ಒಂದೊಂದು ಪಟಕ್ಕೂ ಒಂದೊಂದು ಪೆಟ್ಟಿಗೆ, ಒಳಗೆ ಹತ್ತಿಯ ಮೆತ್ತೆ. ಎಲ್ಲವನ್ನೂ ಪಶ್ಚಿಮದ ಹಜಾರಕ್ಕೆ ಸಾಗಿಸುತ್ತಿದ್ದಾರೆ. ತೊಳೆದು ಶುದ್ಧ ಮಾಡುವುದಕ್ಕೆ ಎಂದು ಇವಳಿಗೆ ಹೇಳಿದ್ದರು. ಆದರೆ ಇವಳಿಗೆ ಓದಲು ಬರುತ್ತದೆ. ಪೆಟ್ಟಿಗೆಗೆ ಅಂಟಿಸಿದ ಚೀಟಿಯನ್ನು ಓದಿದ್ದಳು. ನಮಗೆ ಹೇಳುವಾಗ ತುತ್ತು ಕೈಯಲ್ಲೇ ಹಿಡಿದಿದ್ದಳು.

"'ಪೂರ್ವದ ಗೋಡೆ ಅಪಾಯದಲ್ಲಿದೆ, ತುರ್ತಾಗಿ ಸಾಗಿಸಿ' ಅಂತ ಬರ್ದಿದೆ ಕಣೇ. ಮ್ಯೂಸಿಯಂ ನಿರ್ದೇಶಕರ ಸಹಿ ಇದೆ. ತಾರೀಖು ನೋಡ್ದೆ. ತಪಾಸಣೆಯ ಮಾರನೇ ದಿನದ್ದು."

ಆ ಪಟಗಳಲ್ಲಿ ಒಂದರ ವಿಷಯ ಅವಳು ಹಿಂದೆ ಹೇಳುತ್ತಿದ್ದಳು. ತಲೆಯ ಮೇಲೆ ಇಟ್ಟಿಗೆ ಹೊತ್ತು, ಸೊಂಟದಲ್ಲಿ ಮಗು ಕೂರಿಸಿಕೊಂಡ ಹೆಂಗಸು. ಅದರ ಮುಂದೆ ಜನ ಅರ್ಧ ಗಂಟೆ ನಿಂತು ಕಣ್ಣೊರೆಸಿಕೊಳ್ಳುತ್ತಾರಂತೆ. ಆ ಹೆಂಗಸನ್ನು ಮೊದಲ ಪೆಟ್ಟಿಗೆಯಲ್ಲೇ ಸಾಗಿಸಿದರು. ಬೆಕ್ಕು ಹೋಯಿತು, ಪಟ ಹೋಯಿತು, ಪಟ ಕಾಯುವ ಸ್ಟೂಲೂ ಹೋಯಿತು. ಉಳಿದವರು ನಾವು.

ಅವತ್ತು ಸಂಜೆ ಹನ್ನೊಂದು ಸಂಸಾರವೂ ಸೇರಿದೆವು. ಗಂಟು ಕಟ್ಟಿಕೊಂಡು ಊರಿಗೆ ಹೋಗೋಣ ಎಂದರು ಕೆಲವರು. ಸೋಮವಾರ ಎಲ್ಲರೂ ಒಟ್ಟಾಗಿ ಹೋಗಿ ಕೇಳೋಣ ಎಂದರು ಕೆಲವರು.  ಕೊನೆಗೆ ಸೋಮವಾರವೇ ಎಂದು ತೀರ್ಮಾನವಾಯಿತು. ಒಂದು ದಿನ ತಾನೇ ಎಂದುಕೊಂಡೆವು.

ಸೋಮವಾರ ಬೆಳಿಗ್ಗೆ ನಾನು, ನಮ್ಮನೆಯವರು ನಲ್ಲಿಯ ಹತ್ತಿರ ಇದ್ದೆವು. ಕೆಳಗೆ ಗುಂಡಿಯಲ್ಲಿ ಯಂತ್ರ ಶುರುವಾಗಿತ್ತು. ಸೊಸೆ ಕೂಗಿದ್ದು ಕೇಳಿಸಿತು. ಓಡಿ ಬಂದರೆ ಬಾಗಿಲು ಒಳಗಿನಿಂದ ಬರುವುದಿಲ್ಲ, ಹೊರಗಿನಿಂದ ಹೋಗುವುದಿಲ್ಲ. ಚೌಕಟ್ಟು ಬಾಗಿಲನ್ನು ಕಚ್ಚಿ ಹಿಡಿದಿತ್ತು. ಒಳಗೆ ಮಗು ಅಳುತ್ತಿತ್ತು. ಸೂರಿನಿಂದ ಏನೋ ಉದುರುವ ಸದ್ದು.

"ಮಾವಾ, ಮಣ್ಣು ಬೀಳ್ತಾ ಇದೆ. ಮಗೂನ ನಾನು ಮಡಿಲಲ್ಲಿ ಮುಚ್ಕೊಂಡಿದ್ದೀನಿ. ಬೇಗ ಏನಾದ್ರೂ ಮಾಡಿ," ಎಂದಳು ಸೊಸೆ. ಅವಳ ದನಿ ಏರಲಿಲ್ಲ. ಹಾರೆ ತನ್ನಿ ಎಂದು ಕಿರುಚಿದವಳು ನಾನು.

ಪಕ್ಕದ ಕೋಣೆಯವರು ಹಾರೆ ತಂದರು. ನಾಲ್ಕು ಜನ ಸೇರಿ ಬಾಗಿಲನ್ನು ಹಲಗೆ ಹಲಗೆಯಾಗಿ ಒಡೆದು ತಾಯಿ ಮಗುವನ್ನು ಹೊರಗೆಳೆದರು. ಮಗುವಿನ ರೆಪ್ಪೆಯ ಮೇಲೆಲ್ಲ ಸುಣ್ಣ. ನಾನು ಸೆರಗಿನಿಂದ ಒರೆಸುತ್ತಿದ್ದೆ, ನಮ್ಮನೆಯವರು ಒಳಗೆ ಹೋದದ್ದನ್ನು ನೋಡಲಿಲ್ಲ. ಸುತ್ತಿಗೆಯ ಏಟು ಕೇಳಿ ತಲೆಯೆತ್ತಿದೆ.

ತಾವೇ ಉಜ್ಜಿದ ಗೋಡೆಯನ್ನು ಹೊಡೆಯುತ್ತಿದ್ದರು. ನುಣ್ಣನೆಯ ಗಾರೆ ತಟ್ಟೆ ತಟ್ಟೆಯಾಗಿ ಬಿತ್ತು. ಹಿಂದೆ ಬಿರುಕು. ನೂಲಿನಷ್ಟಿದ್ದದ್ದು ಈಗ ಅವರ ಮುಷ್ಟಿ ಹಿಡಿಯುವಷ್ಟಾಗಿತ್ತು. ಅವರು ಕೈಯನ್ನು ಒಳಗೆ ತೂರಿಸಿ, ಮೊಣಕೈವರೆಗೂ ತೂರಿಸಿ, ನಮ್ಮ ಕಡೆ ತಿರುಗಿದರು. ಅಳುತ್ತಿದ್ದರು. ಮೂವತ್ತು ವರ್ಷದಲ್ಲಿ ಅವರು ಅತ್ತಿದ್ದನ್ನು ನಾನು ನೋಡಿರಲಿಲ್ಲ.

"ಕೆಲ್ಸ ಚೆನ್ನಾಗಿ ಮಾಡ್ಬಿಟ್ಟೆ ಕಣೇ. ಇದನ್ನೆಲ್ಲ ನನ್ನ ಕೈಯಾರೆ ಮುಚ್ಚಿಟ್ಟೆ," ಎಂದರು.

ಬೈಯುವುದಕ್ಕೆ ಹೊತ್ತಿರಲಿಲ್ಲ. ಬಟ್ಟೆಯ ಗಂಟು, ಒಂದು ಪಾತ್ರೆ, ಸೊಸೆಯ ಕೈ ಹಿಡಿದುಕೊಂಡು ನಾನು ಹೊರಟೆ. ಎಲ್ಲಿಗೆ ಎಂದು ಯಾರೋ ಕೇಳಿದರು. ಪಟಗಳು ಹೋದ ಕಡೆಗೆ ಎಂದೆ. ಬಾಯಿಗೆ ಬಂದದ್ದು ಹೇಳಿದ್ದೆ, ಹೇಳಿದ ಮೇಲೆ ಅದೇ ಸರಿ ಎನ್ನಿಸಿತು. ಹನ್ನೊಂದು ಸಂಸಾರವೂ ಹಿಂದೆ ಬಂತು.

ಪಶ್ಚಿಮದ ಹಜಾರದ ಬಾಗಿಲಲ್ಲಿ ಸ್ಟೂಲಿನಕ್ಕ ಕೂತಿದ್ದಳು. ನಮ್ಮನ್ನು ನೋಡಿದಳು, ಸುಣ್ಣ ಮೆತ್ತಿದ ಮಗುವನ್ನು ನೋಡಿದಳು. ಇಪ್ಪತ್ತೆರಡು ವರ್ಷದಿಂದ ಹೇಳುತ್ತಿದ್ದ ಎರಡು ಮಾತನ್ನು ಅವತ್ತು ಹೇಳಲಿಲ್ಲ. ಎದ್ದು ಬೀಗ ತೆಗೆದಳು.

ಒಳಗೆ ನೆಲ ಎಷ್ಟು ಸಮವಾಗಿತ್ತೆಂದರೆ ನಡೆಯುವುದಕ್ಕೆ ಒಂಥರಾ ಆಗುತ್ತಿತ್ತು. ಗೋಡೆಯುದ್ದಕ್ಕೂ ಪೆಟ್ಟಿಗೆಗಳು. ಖಾಲಿ ಪೆಟ್ಟಿಗೆಯೊಂದರ ಮೆತ್ತೆಯ ಮೇಲೆ ಸೊಸೆ ಮಗುವನ್ನು ಮಲಗಿಸಿದಳು. ಬಿಳೀ ಕೈಗವಸಿನವನೊಬ್ಬ ಓಡಿಬಂದು ಅದು ಪಟಕ್ಕೆ ಇಟ್ಟಿದ್ದು ಎಂದ. ಸೊಸೆ ಮಗುವಿನ ಕಿವಿಯಲ್ಲಿದ್ದ ಸುಣ್ಣ ಒರೆಸುತ್ತಿದ್ದಳು. ಅವನು ಕೈಗವಸು ಕಳಚಿ ಜೇಬಿಗೆ ಹಾಕಿಕೊಂಡು ಹೋದ.

ಅರ್ಧ ಗಂಟೆಯಲ್ಲಿ ನಿರ್ದೇಶಕರು ಬಂದರು, ಹಿಂದೆ ಮೇಸ್ತ್ರಿ, ಇಂಜಿನಿಯರು. ಅಷ್ಟರಲ್ಲಿ ಗುಂಡಿಯಿಂದ ನನ್ನ ಮಗನೂ ಕಂಬಿ ಕಟ್ಟುವವರೂ ಮೇಲೆ ಹತ್ತಿ ಬಂದಿದ್ದರು. ಇಲ್ಲಿರುವ ಪಟಗಳಿಗೆ ಬೆಲೆ ಕಟ್ಟಲಾಗದು, ನಿಮ್ಮ ಉಸಿರು ತಗುಲಿದರೂ ಹಾಳಾಗುತ್ತವೆ, ದಯವಿಟ್ಟು ನಿಮ್ಮ ಜಾಗಕ್ಕೆ ಹೋಗಿ ಎಂದರು ನಿರ್ದೇಶಕರು. ಮೆತ್ತಗಿನ ಮಾತು, ಒಳ್ಳೆಯ ಬಟ್ಟೆ. ಗೋಡೆ ಬಿರಿದಿದೆ ಎಂದು ನಾನು ಹೇಳಿದೆ. ಮೇಸ್ತ್ರಿ ಕಾಗದ ತೆಗೆದ. ಬಿರುಕಿಲ್ಲ ಎಂದು ಸಹಿಯಿದೆ, ಈವತ್ತು ಸುತ್ತಿಗೆಯಲ್ಲಿ ಹೊಡೆದು ಬಿರುಕು ಮಾಡಿದವನು ಇವನೇ, ಸಾಕ್ಷಿಗಳಿದ್ದಾರೆ ಎಂದ. ಸ್ಟೂಲಿನಕ್ಕ ಪೆಟ್ಟಿಗೆಯ ಮೇಲಿನ ಚೀಟಿ ತೋರಿಸಿದಳು. ಅದು ಪಟಗಳ ನಿಯಮ, ಗೋಡೆಗೂ ಅದಕ್ಕೂ ಸಂಬಂಧವಿಲ್ಲ ಎಂದರು ನಿರ್ದೇಶಕರು. ಗೋಡೆ ಭದ್ರವಾಗಿದೆ ಎಂದು ಎರಡು ಸಲ ಹೇಳಿದರು.

ಆಗ ನಮ್ಮನೆಯವರು ಸ್ಟೂಲಿನಕ್ಕನ ಸ್ಟೂಲನ್ನು ಎತ್ತಿಕೊಂಡರು. ಹೊರಗೆ ನಡೆದರು. ನಾವೆಲ್ಲ ಹಿಂದೆ ಹೋದೆವು, ದೊಡ್ಡವರೂ ಬಂದರು. ಬಂಗಲೆಯನ್ನು ಸುತ್ತಿ ಲಾಯದ ಹತ್ತಿರ ಹೋಗಿ, ಒಡೆದ ಬಾಗಿಲಿನಿಂದ ಒಳಗೆ ಹೊಕ್ಕು, ಬಿರುಕಿನ ಬುಡಕ್ಕೇ ಸ್ಟೂಲನ್ನು ಇಟ್ಟರು. ಹೆಗಲ ಮೇಲಿನ ಬಟ್ಟೆ ತೆಗೆದು ಧೂಳು ಒರೆಸಿದರು. ಹೊರಗೆ ಬಂದು ನಿರ್ದೇಶಕರ ಎದುರು ನಿಂತರು.

"ಸ್ವಾಮೀ, ಗೋಡೆ ಭದ್ರವಾಗಿದೆ ಅಂದ್ರಲ್ಲ. ಜಾಸ್ತಿ ಹೊತ್ತೇನೂ ಬೇಡ. ಒಂದು ಲೋಟ ಚಹಾ ಕುಡಿಯೋ ಅಷ್ಟು ಹೊತ್ತು ಅಲ್ಲಿ ಕೂತ್ಕೊಳ್ಳಿ. ನೀವು ಕೂತು ಎದ್ದು ಬಂದ್ರೆ ನಾವೆಲ್ಲ ವಾಪಸ್ ಹೋಗ್ತೀವಿ. ಆ ಗೋಡೆಗೆ ನಾನೇ ಮತ್ತೆ ಗಾರೆ ಬಳೀತೀನಿ."

ನಿರ್ದೇಶಕರು ಇಂಜಿನಿಯರನ್ನು ನೋಡಿದರು. ಇಂಜಿನಿಯರು ತನ್ನ ಬೂಟು ನೋಡಿಕೊಂಡ. ನಮ್ಮನೆಯವರು ಮೇಸ್ತ್ರಿಯ ಕಡೆ ತಿರುಗಿ, ನೀವಾದರೂ ಕೂತುಕೊಳ್ಳಿ, ಕಾಗದ ನಿಮ್ಮ ಹತ್ತಿರವೇ ಇದೆಯಲ್ಲ ಎಂದರು. ಮೇಸ್ತ್ರಿ ಹಿಂದೆ ಸರಿದ, ಒಂದೇ ಹೆಜ್ಜೆ. ಇನ್ನೂರು ಜನ ಅದನ್ನು ನೋಡಿದರು. ಗುಂಡಿಯಲ್ಲಿ ಯಂತ್ರದ ಎತ್ತರದ ಗೂಡಿನಲ್ಲಿ ಕೂತಿದ್ದವನೂ ನೋಡಿದ. ಅವನು ಯಂತ್ರ ನಿಲ್ಲಿಸಿ ಇಳಿದು ಮೇಲೆ ಬಂದ.

ಇವತ್ತಿಗೆ ನಾಲ್ಕು ದಿನ. ಗುಂಡಿಯಲ್ಲಿ ಕೆಲಸ ನಿಂತಿದೆ. ನಾವು ಪಶ್ಚಿಮದ ಹಜಾರದಲ್ಲೇ ಇದ್ದೇವೆ, ಪಟಗಳಿಗೆ ಇದುವರೆಗೂ ಏನೂ ಆಗಿಲ್ಲ. ಅನ್ನ ಬೇಯಿಸುವುದು ಹೊರಗಿನ ಕಲ್ಲುಹಾಸಿನ ಮೇಲೆ. ಸ್ಟೂಲಿನಕ್ಕನಿಗೆ ಕೆಲಸದಿಂದ ತೆಗೆದಿದ್ದೇವೆಂದು ಕಾಗದ ಬಂದಿದೆ, ಅವಳು ನೆಲದ ಮೇಲೆ ಕಾಲು ಚಾಚಿ ಕೂತು ಅದನ್ನು ನಮಗೆಲ್ಲ ಓದಿ ಹೇಳಿದಳು. ನಿನ್ನೆ ಸಂಜೆ ಮಗ ಗುಂಡಿಯ ಆಚೆ ದಡದಿಂದ ನೋಡಿಕೊಂಡು ಬಂದ. ಸ್ಟೂಲು ಇಟ್ಟಲ್ಲೇ ಇದೆ, ಆದರೆ ಇಟ್ಟಷ್ಟು ನೆಟ್ಟಗಿಲ್ಲ ಎಂದ.

ನಾಳೆ ನಮ್ಮನ್ನು ಎಬ್ಬಿಸುವುದಕ್ಕೆ ಪೊಲೀಸರು ಬರುತ್ತಾರಂತೆ. ಬರಲಿ. ಅವರಿಗೂ ಅದನ್ನೇ ಹೇಳುತ್ತೇವೆ. ಮೊದಲು ಹೋಗಿ ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಕೂತು ಬನ್ನಿ, ಆಮೇಲೆ ನಾವು ಏಳುತ್ತೇವೆ.